ಕೋಳಿಗೂಡಿನ ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಲ ಗೂಡಿನಲ್ಲಿ ಆರು ಗಿರಿರಾಜ ಹೇಂಟೆಗಳಿದ್ದವು. ಗೂಡು 3 ಅಡಿ ಉದ್ದ, 2 ಅಡಿ ಅಗಲ. ನಾಯಿಗಳ ಕಾಟವೆಂದು ಹಗಲಲ್ಲೂ ಹೊರಗೆ ಬಿಡುತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಒಂದರ ಬೆನ್ನಿನ ಪುಕ್ಕ ಉದುರಿ ರಕ್ತ ಕಾಣಿಸಿತು. ರೋಗವಿರಬೇಕೆಂದು ಉಮ್ಮ ಅರಸಿನ ಹಚ್ಚಿದರು. ಮರುದಿನ ಬೆಳಿಗ್ಗೆ ಅದು ಸತ್ತಿತ್ತು. ಉಳಿದವೇ ಕುಕ್ಕಿ ಕೊಂದಿದ್ದವು.

ಕೋಳಿಗಳಲ್ಲಿ ಮೇಲು-ಕೀಳಿನ ಒಂದು ಸಾಲು ಇರುತ್ತದೆ. ನಾರ್ವೆಯ ಷೆಲ್ಡೆರುಪ್-ಎಬ್ಬೆ ಎಂಬವರು 1920ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಮೇಲಿನದು ಕುಕ್ಕಿದರೆ ಕೆಳಗಿನದು ದೂರ ಸರಿಯುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ನಮ್ಮ ಗೂಡಿನಲ್ಲಿ ಸರಿಯಲು ಜಾಗವೇ ಇರಲಿಲ್ಲ. ಒಮ್ಮೆ ರಕ್ತ ಕಂಡರೆ ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ.

ಲೆಕ್ಕ ಹಾಕಿ ನೋಡಿ. ನಾವು ಒಂದು ಕೋಳಿಗೆ ಕೊಟ್ಟದ್ದು 1 ಚದರ ಅಡಿ. ಕೂಡಿಹಾಕಿ ಸಾಕುವುದಾದರೆ ಸಾಮಾನ್ಯವಾಗಿ ಹೇಳುವ ಅಳತೆ ಗೂಡಿನೊಳಗೆ 4 ಚದರ ಅಡಿ, ಬಲೆ ಕಟ್ಟಿದ ಅಂಗಳದಲ್ಲಿ 8ರಿಂದ 10. ಹಗಲೆಲ್ಲ ಮೇಯುವ ಕೋಳಿಗೆ ರಾತ್ರಿ ಮಲಗಲು ಸಣ್ಣ ಗೂಡು ಸಾಕಾಗುತ್ತದೆ. ಅಜ್ಜಿಯ ಕಾಲದ ಗೂಡು ಸಣ್ಣದಿದ್ದದ್ದು ಅದಕ್ಕೇ. ನಾವು ಗೂಡನ್ನು ಇಟ್ಟುಕೊಂಡು ಹಿತ್ತಲನ್ನು ಕಿತ್ತುಕೊಂಡಿದ್ದೆವು.

ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಕಣ್ಣು ಉರಿಯುತ್ತಿತ್ತು. ಒದ್ದೆ ಹಿಕ್ಕೆಯಿಂದ ಏಳುವ ಆ ಅನಿಲ ಅಮೋನಿಯಾ ಎಂದು ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಾಟಲಿ ತೆರೆದ ದಿನ ಮೂಗಿಗೇ ತಿಳಿಯಿತು.

ರಜೆಯಲ್ಲಿ ಉಪ್ಪನೂ ನಾನೂ ಸೇರಿ 5 ಅಡಿಗೆ 4 ಅಡಿಯ ಹೊಸ ಗೂಡು ಮಾಡಿದೆವು. ಅಡಿಕೆ ಮರದ ಕಂಬ ನೆಟ್ಟು, ಅದರ ಮುಂದೆ 10 ಅಡಿಗೆ 5 ಅಡಿ ಜಾಗಕ್ಕೆ ಬಲೆ ಕಟ್ಟಿದೆವು. ಐದೂ ಈಗ ಮಣ್ಣು ಕೆದಕುತ್ತಾ ಆರಾಮವಾಗಿವೆ. ಮೊನ್ನೆ ಉಮ್ಮ, “ಇನ್ನೆರಡು ತರೋಣವಾ?” ಎಂದರು. ನಾನು ಅಳತೆ ಟೇಪು ತಂದು ಕೈಗೆ ಕೊಟ್ಟೆ.