ತಂತಿ ಕಿತ್ತರೆ ಲೆಕ್ಕ ತೀರಲಿಲ್ಲ

ಚಿರಂಜೀವಿ ಮಗುವಿಗೆ,

 

ಕ್ಷೇಮಸಮಾಚಾರ ಬರೆಯುವ ಮನಸ್ಸು ಈ ಸಲ ಇಲ್ಲ. ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ದೀಪಾವಳಿಗೆ ಮುಂಚೆಯೇ ತಂತಿ ತೆಗೆಸಿಬಿಟ್ಟೆ ಅತ್ತೆ, ಈಗ ಎಲ್ಲಾ ಮೀಟರಿನಲ್ಲೇ ಓಡ್ತಿದೆ. ಹಳೇದನ್ನ ಯಾಕೆ ಕೆದಕಬೇಕು?" ಅಂದೆ. ಆಮೇಲೆ ನಕ್ಕು, "ಬೇಕಾದ್ರೆ ಅಷ್ಟು ದುಡ್ಡನ್ನ ಹುಂಡಿಗೆ ಹಾಕಿಬಿಡ್ತೀನಿ" ಅಂತಲೂ ಸೇರಿಸಿದೆ. ಆ ನಗು ನನಗೆ ಹಿಡಿಸಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಕಾಗದ. ನಿನ್ನ ಹೆಸರು, ಊರು ಬಿಟ್ಟು ಪತ್ರಿಕೆಗೂ ಕಳಿಸುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ಕೆಲಸ ಹೋಗಿ, ಮನೆಸಾಲದ ಕಂತು ಕುತ್ತಿಗೆಗೆ ಬಂದು, ಮೀಟರಿಗೆ ಸಿಗದ ಹಾಗೆ ತಂತಿ ಎಳೆಸಿ ಕರೆಂಟು ಕದ್ದು, ಈಗ ಹೇಳಲೂ ಆಗದೆ ಬಿಡಲೂ ಆಗದೆ ಕೂತವನು ನೀನೊಬ್ಬನೇ ಅಲ್ಲ.

ನಿನ್ನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಿನ್ನ ಹೆಂಡತಿಯ ಬಳೆ ಎಲ್ಲಿಗೆ ಹೋಯಿತು ಅನ್ನುವುದೂ ಗೊತ್ತು. ಆದರೆ ಕಷ್ಟ ತೀರಿದ ಮೇಲೂ ಆ ಕಷ್ಟದ ಹೆಸರು ಹೇಳಿಕೊಂಡೇ ಕೂತಿದ್ದೀಯಲ್ಲ, ಅದಕ್ಕೆ ನನ್ನ ಸಿಟ್ಟು. ಈ ಸಿಟ್ಟಿಗೆ ಕಾರಣ ಇದೆ. ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲದ ಒಂದು ವಿಷಯ ಇವತ್ತು ಬರೆಯುತ್ತೇನೆ.

1986ನೇ ಇಸವಿ. ನಿನ್ನ ಮಾವ ಕೆಲಸ ಮಾಡುತ್ತಿದ್ದ ಅಚ್ಚುಕೂಟ ಮುಚ್ಚಿಹೋಯಿತು. ಅಚ್ಚಿನ ಮೊಳೆ ಜೋಡಿಸುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲದ ಮನುಷ್ಯ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಹೋದರೆ ವಾರಕ್ಕೆ ಮೂರು ದಿನ ಕೆಲಸ, ನಾಲ್ಕು ದಿನ ಮನೆ. ನಾನು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕರಿದು ಅಂಗಡಿಗಳಿಗೆ ಕೊಡಲು ಶುರುಮಾಡಿದೆ. ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಡಬ್ಬ ಸಾಲಿಗಿಟ್ಟು ಕಾಯಬೇಕು, ನಮ್ಮ ಸರದಿ ಬರುವಷ್ಟರಲ್ಲಿ ಪೀಪಾಯಿ ಖಾಲಿ. ಕಾಳಸಂತೆಯಲ್ಲಿ ಕೊಂಡರೆ ಚಕ್ಕುಲಿಯ ಲಾಭವೆಲ್ಲ ಎಣ್ಣೆಗೇ ಹೋಗುತ್ತಿತ್ತು. ಆಗ ಕರೆಂಟ್ ಒಲೆ ತಂದೆವು. ಬಿಳಿ ಮಣ್ಣಿನ ಬಿಲ್ಲೆ, ಅದರ ಗೀರಿನಲ್ಲಿ ಸುರುಳಿ ತಂತಿ, ಸ್ವಿಚ್ಚು ಹಾಕಿದರೆ ಸುರುಳಿ ಕೆಂಪಗೆ ಕಾಯುತ್ತಿತ್ತು. ಮೊದಲ ತಿಂಗಳ ಬಿಲ್ಲು ನೋಡಿ ನಿನ್ನ ಮಾವ ಊಟ ಬಿಟ್ಟು ಎದ್ದರು.

ಬೀದಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಬಂದು, "ಅಕ್ಕಾ, ಒಲೆಗೆ ಮಾತ್ರ ಮೀಟರಿಗೆ ಸಿಗದ ಹಾಗೆ ಒಂದು ತಂತಿ ಎಳೆದುಕೊಡ್ತೀನಿ" ಅಂದ. ನಾನು ಬೇಡ ಅನ್ನಲಿಲ್ಲ. ಇದನ್ನು ಗಮನಿಸು. ನಿನ್ನ ಮಾವನೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಹುಡುಗನಿಗೆ 10 ರೂಪಾಯಿ ಕೊಟ್ಟವಳು ನಾನು. ಹದಿನಾಲ್ಕು ತಿಂಗಳು ಆ ತಂತಿಯ ಮೇಲೆ ನಮ್ಮ ಬಾಣಲೆ ಕಾಯಿತು.

ಪ್ರತಿ ತಿಂಗಳು ಸೈಕಲ್ಲಿನಲ್ಲಿ ಮೀಟರ್ ರೀಡರ್ ಬರುತ್ತಿದ್ದರು. ವಯಸ್ಸಾದವರು. ಟಾರ್ಚು ಬಿಟ್ಟು ಓದಿ, ಮೀಟರಿನ ಪಕ್ಕದ ಕಾರ್ಡಿನಲ್ಲಿ ಬರೆದು, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಒಂದು ಸಲ ಕಾರ್ಡು ನೋಡಿ, "ಸಂಸಾರ ಅಂದರೆ ಹೀಗಿರಬೇಕು ತಾಯಿ, ಎಷ್ಟು ಹಿಡಿತವಾಗಿ ಉರಿಸ್ತೀರಿ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆ ತಡೆದುಕೊಳ್ಳಲು ಆಗಲಿಲ್ಲ. ಆದರೂ ತಂತಿ ತೆಗೆಸಲಿಲ್ಲ.

ತೆಗೆಸಿದ್ದು ಎದುರುಮನೆಯ ಹೂವಿನಜ್ಜಿಯ ಕಾರಣದಿಂದ. ಅವರದು ಹೆಂಚಿನ ಒಂದೇ ಕೋಣೆ. ಭಾಗ್ಯಜ್ಯೋತಿ ಯೋಜನೆಯಲ್ಲಿ ಸರ್ಕಾರ ಕೊಟ್ಟ ಒಂದೇ ಒಂದು ಬಲ್ಬು. ಸಂಜೆ ಅದರ ಕೆಳಗೆ ಕೂತು ಕನಕಾಂಬರ, ಮಲ್ಲಿಗೆ ಕಟ್ಟಿ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದರು. ಒಂದು ದಿನ ನೋಡುತ್ತೇನೆ, ಅಜ್ಜಿ ಬುಟ್ಟಿ ಎತ್ತಿಕೊಂಡು ಬಂದು ಬೀದಿಕಂಬದ ಕೆಳಗೆ ಕೂತಿದ್ದಾರೆ. ಯಾಕಜ್ಜಿ ಅಂದೆ. "ಸಂಜೆ ಆಯ್ತು ಅಂದ್ರೆ ನಮ್ಮನೆ ಬಲ್ಬು ಸೊರಗಿ ಬೀಡಿ ಕೆಂಡ ಆಗ್ತದೆ ಕಣವ್ವ, ದಾರ ಯಾವುದು ಕಾಂಡ ಯಾವುದು ಕಾಣಾಕಿಲ್ಲ" ಅಂದರು.

ಒಳಗೆ ಬಂದೆ. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಕಿಟಕಿಯ ಹತ್ತಿರ ನಿಂತು ಒಲೆಯ ಸ್ವಿಚ್ಚು ತೆಗೆದೆ. ಎದುರುಮನೆಯ ಬಲ್ಬು ತುಸು ಬೆಳ್ಳಗಾಯಿತು. ಮತ್ತೆ ಹಾಕಿದೆ. ಬಲ್ಬು ಕೆಂಪಗಾಯಿತು. ತೆಗೆದೆ, ಹಾಕಿದೆ, ತೆಗೆದೆ. ಮೂರು ಸಲ ನೋಡಿದೆ ಮಗು. ಮೂರು ಸಲವೂ ಹಾಗೇ ಆಯಿತು.

ಮೀಟರಿನ ಮೂಲಕ ಎಳೆದಿದ್ದರೂ ಬಲ್ಬು ಮಂಕಾಗುತ್ತಿತ್ತು ಅಂತ ನೀನು ವಾದ ಮಾಡಬಹುದು, ಓದಿದವನು. ಸರಿ. ಆದರೆ ಆಗ ನಮ್ಮ ಬೀದಿಯ ಹೊರೆ ಎಷ್ಟು ಅನ್ನುವುದು ಆಫೀಸಿನ ಪುಸ್ತಕದಲ್ಲಿ ಕಾಣುತ್ತಿತ್ತು. ಇನ್ನೊಂದು ಟ್ರಾನ್ಸ್‌ಫಾರ್ಮರ್ ಹಾಕಿ ಅಂತ ಕೇಳಲು ಆಧಾರ ಇರುತ್ತಿತ್ತು. ಕದ್ದ ಕರೆಂಟು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅಜ್ಜಿಯ ಕಣ್ಣಿನಲ್ಲಿ ಮಾತ್ರ ಇತ್ತು.

ಮಾರನೆಯ ದಿನ ತಂತಿ ಕೀಳಿಸಿದೆ. ನಿನ್ನ ಹಾಗೆಯೇ ನಾನೂ "ಮುಗೀತು" ಅಂದುಕೊಂಡೆ. ಮುಗಿಯಲಿಲ್ಲ. ಮುಂದಿನ ತಿಂಗಳು ರೀಡಿಂಗ್ ಏರಿದ್ದು ನೋಡಿ ಆ ಹಿರಿಯರು, "ಏನಮ್ಮ, ಮನೆಗೆ ಹೊಸದೇನಾದರೂ ತಂದಿರಾ?" ಅಂದರು. "ಇಲ್ಲ, ನೆಂಟರು ಬಂದಿದ್ದರು" ಅಂದೆ. ಪಕ್ಕದಲ್ಲಿ ಸ್ಲೇಟು ಹಿಡಿದು ಕೂತಿದ್ದ ಮಗಳು ತಲೆ ಎತ್ತಿ, "ಯಾವ ನೆಂಟರಮ್ಮ?" ಅಂದಳು. ಆ ಮನುಷ್ಯ ಮಜ್ಜಿಗೆ ಲೋಟ ಕೆಳಗಿಟ್ಟು, ಏನೂ ಮಾತಾಡದೆ ಸೈಕಲ್ ಹತ್ತಿದರು.

ಆ ವಾರವೇ ಕರೆಂಟ್ ಆಫೀಸಿಗೆ ಹೋದೆ. ನಿನ್ನ ಮಾವ ಬರಲಿಲ್ಲ. "ಮಾನ ಕಳೀತೀಯ" ಅಂದವರು 15 ದಿನ ನನ್ನ ಜೊತೆ ಮಾತು ಬಿಟ್ಟರು. ಆಫೀಸಿನಲ್ಲಿ ಎಲ್ಲ ಸಿನಿಮಾದಲ್ಲಿ ಆದ ಹಾಗೆ ಆಯಿತು ಅಂತ ತಿಳಿಯಬೇಡ. ಗುಮಾಸ್ತನೊಬ್ಬ ನಾಲ್ಕು ಜನರ ಎದುರು "ಕಳ್ಳತನ ಮಾಡಿ ಈಗ ಧರ್ಮರಾಯನ ಹಾಗೆ ಬಂದಿದ್ದೀಯಾ" ಅಂದ. ಕಾಲು ನಡುಗಿತು. ಇಂಜಿನಿಯರು ಮಾತ್ರ ಕೂರಿಸಿ ಎಲ್ಲ ಬರೆಸಿಕೊಂಡರು. ಒಲೆ ಎಷ್ಟು ಹೊತ್ತು ಉರಿಯುತ್ತಿತ್ತು, ಎಷ್ಟು ತಿಂಗಳು ಅಂತ ಲೆಕ್ಕ ಹಾಕಿದರು. ದಂಡವೂ ಸೇರಿ 640 ರೂಪಾಯಿ. ಒಟ್ಟಿಗೆ ಕೊಡಲು ಆಗುವುದಿಲ್ಲ ಅಂದಾಗ ತಿಂಗಳಿಗೆ 80ರಂತೆ ಎಂಟು ಕಂತು ಮಾಡಿಕೊಟ್ಟರು. ಎಂಟು ತಿಂಗಳು ನಮ್ಮ ಮನೆಯಲ್ಲಿ ಕಾಫಿ ಇರಲಿಲ್ಲ. ಎಂಟು ರಸೀದಿಯೂ ನನ್ನ ಪೆಟ್ಟಿಗೆಯಲ್ಲಿವೆ. ಕೊನೆಯ ಕಂತಿಗೆ ನಿನ್ನ ಮಾವನೇ ಹೋಗಿ ಕಟ್ಟಿಬಂದರು. ಬಂದು ಏನೂ ಹೇಳಲಿಲ್ಲ, ರಸೀದಿಯನ್ನು ದೇವರ ಗೂಡಿನಲ್ಲಿ ಇಟ್ಟರು.

ಈಗ ನಿನ್ನ ವಿಷಯ. ಎರಡೂ ಕಡೆಯದನ್ನು ಹೇಳುತ್ತೇನೆ, ತೀರ್ಮಾನ ನಿನ್ನದು.

ಸುಮ್ಮನಿರುವುದಕ್ಕೂ ಕಾರಣಗಳಿವೆ, ಇಲ್ಲ ಅನ್ನುವುದಿಲ್ಲ. ನಮ್ಮ ಕಾಲದ 1910ರ ಕಾಯಿದೆ ಹೋಗಿ ಈಗ 2003ರ ವಿದ್ಯುತ್ ಕಾಯಿದೆ ಇದೆ, ಅದು ಬಿಗಿಯಾಗಿದೆ. ಅದರ 135ನೇ ಕಲಮಿನ ಪ್ರಕಾರ ವಿದ್ಯುತ್ ಕಳವಿಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಿನ್ನ ಮನೆಯಂತೆ 10 ಕಿಲೋವ್ಯಾಟಿಗಿಂತ ಕಡಿಮೆ ಹೊರೆ ಇದ್ದರೆ, ಮೊದಲ ಸಲ ಅಪರಾಧ ಸಾಬೀತಾದಾಗ ಹಾಕುವ ದಂಡ ಕದ್ದು ಉಳಿಸಿದ ಹಣದ ಮೂರು ಪಟ್ಟಿಗೆ ಕಡಿಮೆ ಇರುವಂತಿಲ್ಲ. ನೀನಾಗಿಯೇ ಹೋಗಿ ಹೇಳಿದರೆ ಕೇಸು ಆಗುವುದೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ಅದೇ ಕಾಯಿದೆಯ 152ನೇ ಕಲಮು ರಾಜಿಗೆ ದಾರಿ ಇಟ್ಟಿದೆ. ಮನೆ ಬಳಕೆಗೆ ಕಾಯಿದೆಯ ಪಟ್ಟಿಯಲ್ಲಿ ಕಿಲೋವ್ಯಾಟಿಗೆ 4,000 ರೂಪಾಯಿ. ಅಧಿಕಾರಿ ಅದನ್ನು ಒಪ್ಪಿ ಕಟ್ಟಿಸಿಕೊಂಡರೆ ಕ್ರಿಮಿನಲ್ ಮೊಕದ್ದಮೆ ಅಲ್ಲಿಗೆ ನಿಲ್ಲುತ್ತದೆ, ಖುಲಾಸೆಗೆ ಸಮ ಅಂತ ಕಾಯಿದೆಯೇ ಹೇಳುತ್ತದೆ. ಒಬ್ಬ ಮನುಷ್ಯನಿಗೆ ಆ ಅವಕಾಶ ಒಂದೇ ಸಲ. ಬಳಸಿದ ಕರೆಂಟಿನ ಹಣ ಬೇರೆ ಕಟ್ಟಬೇಕು. ಹೋಗುವ ಮುಂಚೆ ವಕೀಲರೊಬ್ಬರ ಹತ್ತಿರ ಕೂತು ಇದನ್ನೆಲ್ಲ ಕೇಳಿಕೋ.

ಇಷ್ಟು ಹೇಳಿದ ಮೇಲೂ ನೀನು "ಮಂತ್ರಿಗಳು ಕೋಟಿ ತಿಂದು ಜೀರ್ಣಿಸಿಕೊಳ್ತಾರೆ, ನಂದೇನು ಮಹಾ" ಅನ್ನುತ್ತೀಯ. ಅಂದೇಬಿಟ್ಟಿದ್ದೀಯ. ನಾಚಿಕೆ ಆಗಬೇಕು! ಅವರು ತಿಂದದ್ದನ್ನು ತೋರಿಸಿ ನಿನ್ನ ತಟ್ಟೆ ತೊಳೆದುಕೊಳ್ಳಲು ಯಾರು ಕಲಿಸಿದರು ನಿನಗೆ? ನಿನ್ನ ತಾತ ಸಂಜೆ ಸ್ವಿಚ್ಚು ಹಾಕಿದರೆ ಬಲ್ಬಿಗೆ ಕೈಮುಗಿಯುತ್ತಿದ್ದರು. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ನಮ್ಮ ಹಳ್ಳಿಗೆ ಕಂಬ ಬರುವಷ್ಟರಲ್ಲಿ ನಿನ್ನ ತಾತನ ತಲೆ ನರೆತಿತ್ತು. ಬುಡ್ಡಿದೀಪದಲ್ಲಿ ಓದಿದವರಿಗೆ ಅದರ ಬೆಲೆ ಗೊತ್ತಿತ್ತು.

ಇನ್ನೊಂದು ವಿಷಯ ನೀನು ಯೋಚಿಸಿಯೇ ಇಲ್ಲ. ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಶುರುವಾಯಿತಲ್ಲ, ಆಗ ಯಾರಿಗೆ ಎಷ್ಟು ಯೂನಿಟ್ ಉಚಿತ ಅಂತ ಲೆಕ್ಕ ಹಾಕಿದ್ದು ಹೇಗೆ? 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟ್ ಮೀರದ ಹಾಗೆ. ಆ ವರ್ಷ ನಿನ್ನ ಗೀಜರು ಯಾವ ತಂತಿಯ ಮೇಲೆ ಕಾಯುತ್ತಿತ್ತು? ಮೀಟರಿನ ಸುಳ್ಳು ಸರಾಸರಿಯೇ ನಿನ್ನ ಹಕ್ಕನ್ನೂ ಕಿರಿದು ಮಾಡಿತು. ಆಮೇಲೆ ತಿಂಗಳು ತಿಂಗಳೂ ಬಂದ ಶೂನ್ಯ ಬಿಲ್ಲು ಸರ್ಕಾರದ ಉಪಕಾರ ಅಂದುಕೊಂಡೆ. ಅದರಲ್ಲಿ ನೀನು ಬಚ್ಚಿಟ್ಟದ್ದೂ ಸೇರಿತ್ತು. ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ದರ ನಿಗದಿ ಮಾಡುವಾಗ ದಾರಿಯಲ್ಲಿ ಸೋರಿದ ಕರೆಂಟಿನ ಲೆಕ್ಕವನ್ನೂ ನೋಡುತ್ತದೆ. ಆ ಸೋರಿಕೆಯಲ್ಲಿ ಒಂದು ಹನಿ ನಿನ್ನದು. ನಾಳೆ ಜಾಗೃತ ದಳದವರು ಹಳೆಯ ಲೆಕ್ಕ ತೆಗೆದು ನೋಡಿದರೆ ಮೊದಲು ಪ್ರಶ್ನೆ ಬೀಳುವುದು ಯಾರಿಗೆ? ಮಷೀನು ಹಿಡಿದು ಮನೆಮನೆ ಅಲೆದು ಬಿಲ್ಲು ಹರಿದುಕೊಡುವ ಆ ಹುಡುಗನಿಗೆ. ಅವನ ಅನ್ನಕ್ಕೆ ಕಲ್ಲು ಹಾಕುವ ಹಕ್ಕು ನಿನಗಿಲ್ಲ.

ಹುಂಡಿಯ ಮಾತು ಬಿಡು. ಸಾಲ ಒಬ್ಬರದು, ತೀರಿಸುವುದು ಇನ್ನೊಬ್ಬರಿಗೆ ಅಂದರೆ ಯಾವ ಅಂಗಡಿಯವನು ಒಪ್ಪುತ್ತಾನೆ? ದೇವರೂ ಒಪ್ಪುವುದಿಲ್ಲ.

ಬಹಳ ಬೈದೆ. ಬೈಯಿಸಿಕೊಳ್ಳುವ ವಯಸ್ಸು ದಾಟಿದವನು ನೀನು, ಇಬ್ಬರು ಮಕ್ಕಳ ತಂದೆ. ಆದರೂ ಕಳ್ಳ ಅಂತ ನಿನ್ನನ್ನು ನಾನು ಯಾವತ್ತೂ ನೋಡಿಲ್ಲ. ಕಳ್ಳನಾಗಿದ್ದರೆ ತಂತಿ ತೆಗೆಸುತ್ತಿರಲಿಲ್ಲ, ಅತ್ತೆಗೆ ಫೋನು ಮಾಡಿ ಹೇಳುತ್ತಲೂ ಇರಲಿಲ್ಲ. ಒಳಗೆ ಏನೋ ಚುಚ್ಚುತ್ತಿರುವುದಕ್ಕೇ ನೀನು ಹಾಗೆ ನಕ್ಕದ್ದು. ಹದಿನಾಲ್ಕು ತಿಂಗಳು ಚುಚ್ಚಿಸಿಕೊಂಡವಳಿಗೆ ಆ ನಗು ಚೆನ್ನಾಗಿ ಗೊತ್ತು.

ಹೀಗೆ ಮಾಡು. ಮೊದಲು ಹೆಂಡತಿಗೆ ಹೇಳು, ಬೇರೆಯವರ ಬಾಯಿಂದ ಅವಳು ಕೇಳಬಾರದು. ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆಸಿ ಇಡೀ ಮನೆಯ ವೈರಿಂಗ್ ತೋರಿಸು. ಅಂಥ ತಂತಿಗೆ ಫ್ಯೂಸಿನ ಕಾವಲು ಇರುವುದಿಲ್ಲ, ಎಲ್ಲಿ ಸುಟ್ಟಿದೆಯೋ ಏನೋ, ಮಕ್ಕಳಿರುವ ಮನೆ. ಎಷ್ಟು ತಿಂಗಳು, ಏನೇನು ಓಡುತ್ತಿತ್ತು ಅನ್ನುವುದನ್ನು ಒಂದು ಹಾಳೆಯಲ್ಲಿ ನಿಜವಾಗಿ ಬರೆ. ವಕೀಲರಿಗೆ ತೋರಿಸಿ, ಆರ್‌ಆರ್ ನಂಬರ್ ಹಾಕಿ, ನಿಮ್ಮ ಉಪವಿಭಾಗದ ಇಂಜಿನಿಯರಿಗೆ ಅರ್ಜಿ ಕೊಡು, ಸ್ವೀಕೃತಿ ತೆಗೆದುಕೋ. ತಂತಿ ಎಳೆದುಕೊಟ್ಟವನ ತಲೆಗೆ ಎಲ್ಲ ಕಟ್ಟಬೇಡ, ಅವನನ್ನು ಕರೆಸಿದವನು ನೀನು. "ನಾನು ಮಾತಾಡಿ ಮುಗಿಸ್ತೀನಿ" ಅಂತ ಯಾರಾದರೂ ನಡುವೆ ಬಂದರೆ ಒಂದು ರೂಪಾಯಿ ಕೊಡಬೇಡ. ಕಟ್ಟುವುದೆಲ್ಲ ಕೌಂಟರಿನಲ್ಲಿ, ರಸೀದಿ ಪಡೆದು. ಒಟ್ಟಿಗೆ ಆಗದಿದ್ದರೆ ಕಂತು ಕೇಳು. ಕೇಳಲು ನಾಚಬೇಡ.

ಕಂತಿಗೆ ಹಣ ಸಾಲದೇ ಹೋದರೆ ನನ್ನ ಪಿಂಚಣಿಯಲ್ಲಿ ಸ್ವಲ್ಪ ಇದೆ. ಮೊದಲ ಕಂತು ಮಾತ್ರ ನಿನ್ನ ದುಡಿಮೆಯದೇ ಆಗಿರಲಿ.

ಸೋಮವಾರ ಬೆಳಿಗ್ಗೆ ಆರರ ಬಸ್ಸಿಗೆ ನಿನ್ನ ಅಪ್ಪ ನನ್ನನ್ನು ಹತ್ತಿಸುತ್ತಾನೆ. ಹತ್ತು ಗಂಟೆಗೆ ನಿಮ್ಮ ಊರಿನ ಕರೆಂಟ್ ಆಫೀಸಿನ ಬಾಗಿಲಲ್ಲಿ ಇರುತ್ತೇನೆ. ಅವತ್ತು ನಾನು ಒಬ್ಬಳೇ ಹೋಗಿದ್ದೆ. ನೀನು ಒಬ್ಬನೇ ಹೋಗುವುದು ಬೇಡ. ಬಾ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ