ನರಹುಲಿ ಹೇಗೆ ಹೋಯಿತು? ಎರಡು ಬಾರಿ ಮಾಡಿದ ಒಂದು ಪಾಠ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಸೂಕ್ಷ್ಮಜೀವಿಗಳು
ಅವಧಿ: 40 ನಿಮಿಷ

ಮೊದಲ ಪಾಠ

ವೈರಸ್ ಪಾಠದ ಪೀಠಿಕೆಗೆ ನರಹುಲಿಯನ್ನು ಆರಿಸಿಕೊಂಡಿದ್ದೆ. ಮುಂದಿನ ಬೆಂಚಿನ ಹುಡುಗಿಯ ಬೆರಳುಗಳ ಮೇಲೆ ಅದು ಕಂಡಿತು. "ಎಲ್ಲಿ, ಕೈ ತೋರಿಸಮ್ಮ" ಎಂದೆ. "ಇದು ವೈರಸ್‌ನಿಂದ ಬರುತ್ತದೆ, ಅಂಟುತ್ತದೆ" ಎಂದು ವಿವರಿಸಿದೆ. ಪಕ್ಕದವಳು ಸರಿದು ಕುಳಿತಳು. ಗಂಟೆ ಹೊಡೆಯುವವರೆಗೂ ಆ ಹುಡುಗಿಯ ಕೈ ಡೆಸ್ಕಿನ ಕೆಳಗೇ ಇತ್ತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದರು: "ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಮತ್ತೆ ಮಾಡಿ."

ಎರಡನೆಯ ಪಾಠ

ಮರುದಿನ ಅದೇ ತರಗತಿ. ಯಾರ ಕೈಯನ್ನೂ ನೋಡದೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕೇಳಿದೆ: "ಇದಕ್ಕೆ ಮನೆಯಲ್ಲಿ ಏನು ಮಾಡುತ್ತಾರೆ?" ಸುಣ್ಣ ಹಚ್ಚುವುದು, ಬೆಳ್ಳುಳ್ಳಿ ಉಜ್ಜುವುದು, ಕೂದಲು ಬಿಗಿದು ಕಟ್ಟುವುದು, ಹರಕೆ ಹೊರುವುದು ಎಂದು ಉತ್ತರಗಳು ಬಂದವು. ಎಲ್ಲದರಿಂದಲೂ ಹೋಗಿದೆಯಂತೆ! "ಏನೂ ಮಾಡದವರದು?" ಎಂದೆ. ಹಿಂದಿನಿಂದ ಒಬ್ಬ ಎದ್ದು, "ನಂದೂ ಹೋಯ್ತು ಮೇಡಂ" ಎಂದ. ಪಾಠ ಅಲ್ಲಿಂದ ಮುಂದುವರಿಯಿತು.

ಬೋಧನಾಂಶಗಳು

1. ನರಹುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಚರ್ಮದ ಸಣ್ಣ ಗಾಯ, ಬಿರುಕುಗಳಿಂದ ಒಳಸೇರುತ್ತದೆ. ಗಂಟು ಕಾಣಿಸಲು ವಾರಗಳು, ತಿಂಗಳುಗಳೇ ಬೇಕಾಗಬಹುದು.
2. ಅದರಲ್ಲಿ ಕಾಣುವ ಕಪ್ಪು ಚುಕ್ಕೆಗಳು ಬೇರಲ್ಲ, ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು.
3. ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸಿದಾಗ ಗಂಟು ತಾನಾಗಿ ಮಾಯವಾಗುತ್ತದೆ. ಬಹಳಷ್ಟು ಮಕ್ಕಳಲ್ಲಿ ಇದು ಒಂದೆರಡು ವರ್ಷಗಳಲ್ಲಿ ಆಗುತ್ತದೆ. ಆ ಹೊತ್ತಿಗೆ ಏನು ಹಚ್ಚಿರುತ್ತೇವೋ ಅದಕ್ಕೆ ಹೆಸರು ಬರುತ್ತದೆ.
4. ಚಿಕಿತ್ಸೆ ಬೇಕಿದ್ದರೆ ಸ್ಯಾಲಿಸಿಲಿಕ್ ಆಮ್ಲದ ಲೇಪನವಿದೆ. ವಾರಗಟ್ಟಲೆ ತಾಳ್ಮೆ ಬೇಕು, ಮುಖಕ್ಕೆ ಹಚ್ಚಬಾರದು. ವೈದ್ಯರು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿಯೂ ತೆಗೆಯುತ್ತಾರೆ. ಸುಣ್ಣ ಚರ್ಮವನ್ನು ಸುಡುತ್ತದೆ. ಬ್ಲೇಡಿನಿಂದ ಕೊಯ್ದರೆ ಸೋಂಕು ಹರಡುತ್ತದೆ.
5. ಟವೆಲ್ ಹಂಚಿಕೊಳ್ಳಬಾರದು, ಉಗುರು ಕಚ್ಚಬಾರದು. ಆದರೆ ಜೊತೆಯಲ್ಲಿ ಕೂರಬಹುದು, ಆಡಬಹುದು. ಬೇಕಿದ್ದರೆ ಗಂಟಿನ ಮೇಲೆ ಪ್ಲಾಸ್ಟರ್ ಸಾಕು. ಶಾಲೆ ಬಿಡಿಸಬೇಕಾಗಿಲ್ಲ.

ಐದನೆಯ ಅಂಶವೇ ಮೊದಲ ದಿನ ನಾನು ಬಿಟ್ಟಿದ್ದ ಅರ್ಧ. "ಅಂಟುತ್ತದೆ" ಎಂದ ಉಸಿರಿನಲ್ಲೇ ಅದನ್ನೂ ಹೇಳಬೇಕಿತ್ತು.

ಮೌಲ್ಯಮಾಪನ

"ಸುಣ್ಣ ಹಚ್ಚಿದ ಮೇಲೆ ನರಹುಲಿ ಹೋಯಿತು. ಸುಣ್ಣದಿಂದಲೇ ಹೋಯಿತು ಎನ್ನಬಹುದೇ? ತಿಳಿಯಲು ಏನು ಮಾಡಬೇಕು?"

"ಹಚ್ಚದವರನ್ನೂ ಅಷ್ಟೇ ದಿನ ನೋಡಬೇಕು" ಎಂಬ ಉತ್ತರ ಮುಂದಿನ ಬೆಂಚಿನಿಂದ ಬಂತು. ಹೇಳಲು ಅವಳು ಕೈ ಎತ್ತಿದ್ದಳು.