ಫೈಲು ತನ್ನ ಬಗ್ಗೆ ಹೇಳಿಕೊಳ್ಳುವುದು

ಅಪ್‌ಲೋಡ್ ಎಪಿಐಗೆ ಬರುವ ಹೆಸರು, ಬಗೆ, ಗಾತ್ರ ಮೂರೂ ಕಳುಹಿಸಿದವರ ಹೇಳಿಕೆಗಳು. ಪರೀಕ್ಷಿಸುವ ಕೆಲಸ ಸರ್ವರ್‌ನದು.

1. ಬಂದ ಹೆಸರಿನಲ್ಲೇ ಡಿಸ್ಕಿಗೆ ಬರೆಯಬೇಡಿ. ಹೆಸರಿನೊಳಗೆ ‘../../’ ಇದ್ದರೆ ಫೈಲು ನಿಮ್ಮ ಫೋಲ್ಡರ್ ದಾಟಿ ಇನ್ನೆಲ್ಲೋ ಹೋಗಿ ಕೂರಬಹುದು. ಇದನ್ನು ತಡೆಯಲೆಂದು ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುವ ಒಂದು ಸಾಲಿನ ಕೋಡ್ ಎಲ್ಲೆಡೆ ಓಡಾಡುತ್ತಿದೆ. ಅದರ ಕೈಗೆ ಸಿಕ್ಕರೆ ‘ಜಾತಿ ಪ್ರಮಾಣಪತ್ರ’, ‘ಆದಾಯ ಪ್ರಮಾಣಪತ್ರ’ ಎರಡರಲ್ಲೂ ಉಳಿಯುವುದು ಎಕ್ಸ್‌ಟೆನ್ಷನ್ ಮಾತ್ರ; ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಕನ್ನಡದ ಹೆಸರಿಗೆ ಉದ್ದದ ತೊಡಕೂ ಇದೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್. ಯುಟಿಎಫ್-8ರಲ್ಲಿ ‘ಕ್ಷ’ ಒಂದಕ್ಕೇ 9 ಬೈಟ್ ಬೇಕು. ಹಾಗಾಗಿ ಫೈಲಿಗೆ ಯುಯುಐಡಿ ಕೊಟ್ಟು ಉಳಿಸಿ, ಮೂಲ ಹೆಸರನ್ನು ಡೇಟಾಬೇಸಿನಲ್ಲಿಡಿ, ಡೌನ್‌ಲೋಡ್ ಮಾಡುವಾಗ ಅದನ್ನೇ ಮರಳಿಸಿ. ಬಳಕೆದಾರರ ಕನ್ನಡವನ್ನು ತಿದ್ದುವ ಹಕ್ಕು ನಮಗಿಲ್ಲ.

2. ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ಫೈಲಿನ ಮೊದಲ ಬೈಟ್‌ಗಳನ್ನು ಓದಿ: ಜೆಪೆಗ್ ಎಫ್‌ಎಫ್ ಡಿ8 ಎಫ್‌ಎಫ್‌ನಿಂದ ಶುರುವಾಗುತ್ತದೆ. ಅಷ್ಟಕ್ಕೇ ನೆಮ್ಮದಿಯಿಲ್ಲ. ಈಗಿನ ವರ್ಡ್, ಎಕ್ಸೆಲ್ ಫೈಲುಗಳು ಒಳಗೆ ಜಿಪ್ಪೇ ಆದ್ದರಿಂದ ಮೊದಲ ಬೈಟ್‌ಗಳಿಂದ ಅವುಗಳ ಗುರುತು ಹತ್ತುವುದಿಲ್ಲ. ಎಸ್‌ವಿಜಿ ಚಿತ್ರದಂತೆ ಕಂಡರೂ ಒಡಲಲ್ಲಿ ಸ್ಕ್ರಿಪ್ಟ್ ಹೊತ್ತಿರಬಹುದು. ಪ್ರೊಫೈಲ್ ಫೋಟೊಗೆ ಅದು ಬೇಕೇ ಇಲ್ಲ. ಫೋಟೊಗಳನ್ನು ಮತ್ತೆ ಎನ್‌ಕೋಡ್ ಮಾಡಿ ಮೆಟಾಡೇಟಾ ಕಿತ್ತುಹಾಕಿದರೆ ಜಿಪಿಎಸ್ ಗುರುತೂ ಹೋಗುತ್ತದೆ. ಆದರೆ ಎನ್‌ಕೋಡ್ ಮಾಡುವ ಲೈಬ್ರರಿಯೇ ಬಾಗಿಲಾಗಬಹುದು: 2016ರಲ್ಲಿ ಬಯಲಾದ ‘ಇಮೇಜ್‌ಟ್ರಾಜಿಕ್’ ದೋಷದಿಂದ, ಕುತಂತ್ರದ ಚಿತ್ರವೊಂದು ಇಮೇಜ್‌ಮ್ಯಾಜಿಕ್ ಮೂಲಕ ಸರ್ವರ್‌ನಲ್ಲಿ ಆಜ್ಞೆಗಳನ್ನು ಓಡಿಸಬಹುದಿತ್ತು. ಎನ್‌ಕೋಡ್ ಮಾಡುವ ಕೆಲಸವನ್ನು ಕಡಿಮೆ ಅಧಿಕಾರವಿರುವ ಬೇರೆ ಪ್ರೊಸೆಸ್‌ಗೆ ಒಪ್ಪಿಸಿ.

3. ‘ಫೋಟೊ ಹೋಗ್ತಿಲ್ಲ’ ಎಂಬ ದೂರು ಬಂದು, ಆ್ಯಪ್ ಲಾಗ್‌ನಲ್ಲಿ ಏನೂ ಕಾಣದಿದ್ದರೆ ಮೊದಲು ಎಂಜಿನ್‌ಎಕ್ಸ್ ನೋಡಿ. ಅದರ ಡೀಫಾಲ್ಟ್ ಮಿತಿ 1 ಎಂಬಿ. ಫೋಟೊ ಅದಕ್ಕಿಂತ ದೊಡ್ಡದಾದರೆ ನಿಮ್ಮ ಕೋಡ್ ತಲುಪುವ ಮೊದಲೇ 413 ಹೇಳಿ ವಾಪಸ್ ಕಳಿಸಿರುತ್ತದೆ.

4. ಜೇಸನ್‌ನಲ್ಲಿ ಬೇಸ್64 ತುರುಕಬೇಡಿ. ಗಾತ್ರ ಮೂರನೇ ಒಂದು ಭಾಗ ಹೆಚ್ಚುತ್ತದೆ.

5. ವಿಡಿಯೊದಂಥ ದೊಡ್ಡ ಫೈಲುಗಳಿಗೆ ಪ್ರೀಸೈನ್ಡ್ ಯುಆರ್‌ಎಲ್ ಕೊಟ್ಟು ನೇರ ಎಸ್3ಗೆ ಕಳಿಸುವುದು ಒಳ್ಳೆಯದು. ಗಾತ್ರದ ಮಿತಿ ಬೇಕಿದ್ದರೆ ಪುಟ್‌ಗಿಂತ ಪೋಸ್ಟ್ ಪಾಲಿಸಿ ವಾಸಿ. ಕನಿಷ್ಠ, ಗರಿಷ್ಠ ಎರಡನ್ನೂ ಅದರಲ್ಲೇ ಬರೆಯಬಹುದು. ತುಂಡು ತುಂಡಾಗಿ ಕಳಿಸುವಾಗ ಕೊನೆಯದನ್ನು ಬಿಟ್ಟು ಪ್ರತಿ ತುಂಡೂ ಕನಿಷ್ಠ 5 ಎಂಬಿ ಇರಬೇಕು. ಬಸ್ಸಿನಲ್ಲಿ ನೆಟ್‌ವರ್ಕ್ ಕಡಿದು ಅರ್ಧಕ್ಕೆ ನಿಂತ ತುಂಡುಗಳು ಬಕೆಟ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಸೇರುತ್ತವೆ. ಕೆಲವು ದಿನಗಳ ಬಳಿಕ ಅವನ್ನು ಅಳಿಸುವ ಲೈಫ್‌ಸೈಕಲ್ ನಿಯಮವನ್ನು ಬಕೆಟ್ ತೆರೆದ ದಿನವೇ ಹಾಕಿಬಿಡಿ.